ಹಳೆಯ ತಂಡ, ಹೊಸ ನಾದ: ಬದಲಾವಣೆಯು ಕರ್ತವ್ಯವೇ?

ನಾಲ್ಕು ದಶಕಗಳಿಂದ ನಡೆದುಕೊಂಡು ಬಂದ ರಾಕ್ ಸಂಗೀತ ತಂಡವೊಂದು ಹೊಸ ಆಲ್ಬಂ ಹೊರತಂದಾಗಲೆಲ್ಲ ಎರಡು ಬಗೆಯ ದೂರುಗಳು ಕೇಳಿಬರುತ್ತವೆ. ನಾದ ಮೊದಲಿನಂತೆಯೇ ಇದ್ದರೆ, ಇವರಲ್ಲಿ ಹೇಳುವುದಕ್ಕೆ ಹೊಸದೇನೂ ಉಳಿದಿಲ್ಲವೆಂಬುದು ಒಂದು ದೂರು. ನಾದ ಬದಲಾಗಿದ್ದರೆ, ಇವರು ತಮ್ಮತನವನ್ನು ಕಳೆದುಕೊಂಡರೆಂಬುದು ಇನ್ನೊಂದು. ಈ ಎರಡನ್ನೂ ಒಬ್ಬನೇ ಕೇಳುಗ ಬೇರೆ ಬೇರೆ ವರ್ಷಗಳಲ್ಲಿ ಹೇಳುವುದುಂಟು. ಆದರೆ ವಿಮರ್ಶೆಯ ವಲಯದಲ್ಲಿ ತಕ್ಕಡಿ ಬಹುಮಟ್ಟಿಗೆ ಒಂದೇ ಕಡೆಗೆ ವಾಲಿದೆ. ನಿಂತ ನೀರು ಕೊಳೆಯುತ್ತದೆ, ಹರಿಯುವ ನೀರು ತಿಳಿಯಾಗಿರುತ್ತದೆ. ಆದುದರಿಂದ ಕಲಾವಿದನು ತನ್ನನ್ನು ತಾನು ಮತ್ತೆ ಮತ್ತೆ ಹೊಸದಾಗಿ ಕಟ್ಟಿಕೊಳ್ಳಲೇಬೇಕು ಎಂಬ ನಂಬಿಕೆ ಅಲ್ಲಿ ಬೇರುಬಿಟ್ಟಿದೆ.

ಈ ನಂಬಿಕೆಯನ್ನು ಪರೀಕ್ಷಿಸಿ ನೋಡುವುದು ಅಗತ್ಯ. ಹಳೆಯ ನಾದದಲ್ಲಿ ಹೇಳಲಾಗದ ಸಂಗತಿಯೊಂದು ತಂಡದ ಒಳಗೆ ಹುಟ್ಟಿದಾಗ ಬದಲಾವಣೆಯನ್ನು ತಡೆಯುವುದು ತಪ್ಪು. ಅಂಥ ಸಂಗತಿಯಿಲ್ಲದೆ, ಕಾಲದೊಡನೆ ಓಡಬೇಕೆಂಬ ಭಯದಿಂದ ಮಾಡುವ ಬದಲಾವಣೆ ಮಾತ್ರ ಇನ್ನೊಂದು ಬಗೆಯ ಪುನರಾವರ್ತನೆಯಷ್ಟೆ. ಇದರೊಂದಿಗೆ ಇನ್ನೊಂದು ಅಂಶವೂ ಇದೆ. ಕವಿ ಒಬ್ಬನೇ, ತಂಡದಲ್ಲಿ ನಾಲ್ಕೈದು ಮಂದಿ. ಕವಿಯು ತನ್ನ ಶೈಲಿಯನ್ನು ತೊರೆದರೆ ತೊರೆಯುವುದು ತನ್ನದನ್ನು. ತಂಡವು ತನ್ನ ನಾದವನ್ನು ತೊರೆದರೆ ಅದರಲ್ಲಿ ಯಾರೋ ಒಬ್ಬನ ಕೈಗೆ ಕೆಲಸವಿಲ್ಲದಂತಾಗಬಹುದು. ಈ ವ್ಯತ್ಯಾಸವನ್ನು ಮರೆತು ನಡೆಸುವ ಚರ್ಚೆ ಅಪೂರ್ಣವಾದುದು.

ಮೊದಲಿಗೆ, ಎಡೆಬಿಡದ ಬದಲಾವಣೆಯ ಆದರ್ಶ ಎಲ್ಲಿಂದ ಬಂದಿತೆಂಬುದನ್ನು ಗಮನಿಸಬೇಕು. ಅದು ಬಂದದ್ದು ಮುಖ್ಯವಾಗಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬೀಟಲ್ಸ್ ತಂಡದಿಂದ. 1963ರಲ್ಲಿ ಸರಳ ಪ್ರೇಮಗೀತೆಗಳ ಮೊದಲ ಆಲ್ಬಂ ಹೊರತಂದ ಈ ನಾಲ್ವರು, 1966ರ ಆಗಸ್ಟ್ ತಿಂಗಳಲ್ಲಿ ಸಂಚಾರ ಕಛೇರಿಗಳನ್ನು ನಿಲ್ಲಿಸಿ ಸ್ಟುಡಿಯೋ ಸೇರಿದರು. 1967ರಲ್ಲಿ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮಿನೊಂದಿಗೆ ರಾಕ್ ಸಂಗೀತದ ಎಲ್ಲೆಗಳನ್ನೇ ವಿಸ್ತರಿಸಿದರು. ಸಿತಾರ್, ತಂತಿವಾದ್ಯಗಳ ಮೇಳ, ಹಿಮ್ಮುಖವಾಗಿ ಓಡಿಸಿದ ಟೇಪು ಎಲ್ಲವೂ ಅವರ ಹಾಡುಗಳೊಳಗೆ ಬಂದವು. ಅಲ್ಲಿಂದ ಮುಂದೆ ಪ್ರತಿಯೊಂದು ದೊಡ್ಡ ತಂಡವನ್ನೂ ಈ ಅಳತೆಗೋಲಿನಿಂದಲೇ ಅಳೆಯಲಾಯಿತು. ಆದರೆ 1970ರಲ್ಲಿ ಬೀಟಲ್ಸ್ ತಂಡ ಒಡೆದುಹೋಯಿತು. ಮೊದಲ ಆಲ್ಬಮಿನಿಂದ ಕೊನೆಯ ಆಲ್ಬಮಿನವರೆಗೆ ಅದರ ಆಯುಷ್ಯ ಸುಮಾರು ಏಳು ವರ್ಷ. ಒಡೆದಾಗ ನಾಲ್ವರಲ್ಲಿ ಯಾರಿಗೂ ಮೂವತ್ತು ತುಂಬಿ ಒಂದು ವರ್ಷಕ್ಕಿಂತ ಹೆಚ್ಚು ಕಳೆದಿರಲಿಲ್ಲ. ನಲವತ್ತು ವರ್ಷ ಜೊತೆಗಿರುವುದೆಂದರೇನು ಎಂಬ ಪರೀಕ್ಷೆಗೆ ಆ ತಂಡ ಒಳಗಾಗಲೇ ಇಲ್ಲ. ಇಪ್ಪತ್ತರ ಹರೆಯದ ಹುಡುಗರ ಏಳು ವರ್ಷಗಳ ವೇಗವನ್ನು ಅರವತ್ತು ದಾಟಿದವರಿಗೆ ನಿಯಮವನ್ನಾಗಿ ವಿಧಿಸುವುದು ನ್ಯಾಯವೆನಿಸುವುದಿಲ್ಲ.

ದೀರ್ಘಕಾಲ ಬಾಳಿದ ತಂಡದ ಸಮಸ್ಯೆಯನ್ನು ನೋಡಲು ಅಯರ್ಲೆಂಡಿನ ‘ಯು2’ ತಂಡ ಹೆಚ್ಚು ತಕ್ಕ ಉದಾಹರಣೆ. 1976ರಲ್ಲಿ ಡಬ್ಲಿನ್ ನಗರದ ಮೌಂಟ್ ಟೆಂಪಲ್ ಶಾಲೆಯಲ್ಲಿ ಲ್ಯಾರಿ ಮಲ್ಲನ್ ಎಂಬ ವಿದ್ಯಾರ್ಥಿ, ತಂಡ ಕಟ್ಟಲು ಆಸಕ್ತರು ಬೇಕೆಂದು ಸೂಚನಾಫಲಕದಲ್ಲಿ ಚೀಟಿ ಅಂಟಿಸಿದನು. ಅವನು ಡ್ರಮ್ ವಾದಕ. ಹೀಗೆ ಕೂಡಿದವರಲ್ಲಿ ಉಳಿದುಕೊಂಡವರು ನಾಲ್ವರು: ಮಲ್ಲನ್, ಗಾಯಕ ಬೋನೊ, ಗಿಟಾರ್ ನುಡಿಸುವ ಎಡ್ಜ್ ಮತ್ತು ಬೇಸ್ ಗಿಟಾರಿನ ಆಡಂ ಕ್ಲೇಟನ್. 1980ರ ‘ಬಾಯ್’ ಆಲ್ಬಮಿನಿಂದ ಆರಂಭವಾದ ಅವರ ನಾದ 1987ರ ‘ದಿ ಜೋಶುವಾ ಟ್ರೀ’ ಹೊತ್ತಿಗೆ ಪೂರ್ಣರೂಪ ತಳೆದಿತ್ತು. ಪ್ರತಿಧ್ವನಿಯಲ್ಲಿ ಒಂದು ಸ್ವರವನ್ನು ಹಲವಾಗಿ ಹರಡುವ ಎಡ್ಜ್‌ನ ಗಿಟಾರ್, ಮೈದಾನದ ಕೊನೆಯ ಸಾಲನ್ನೂ ಮುಟ್ಟುವ ಬೋನೊನ ಕಂಠ, ಸೈನಿಕ ನಡಿಗೆಯಂತಹ ಡ್ರಮ್, ನೆಲವನ್ನು ಬಿಡದ ಬೇಸ್; ಇವೆಲ್ಲ ಕೂಡಿ ನಿರ್ಮಾಣವಾದ ಆ ನಾದಕ್ಕೆ ಒಂದು ಬಗೆಯ ಗಾಂಭೀರ್ಯವಿತ್ತು. ಆ ಆಲ್ಬಂ ವರ್ಷದ ಶ್ರೇಷ್ಠ ಆಲ್ಬಮೆಂದು ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು.

ಮುಂದಿನ ವರ್ಷವೇ ತೊಡಕು ತಲೆದೋರಿತು. 1988ರ ‘ರ್‍ಯಾಟಲ್ ಆಂಡ್ ಹಮ್’ ಎಂಬ ಚಲನಚಿತ್ರ ಮತ್ತು ಆಲ್ಬಮಿನಲ್ಲಿ ಅದೇ ಗಾಂಭೀರ್ಯ ಆಡಂಬರವೆನಿಸತೊಡಗಿತು. ಅಮೆರಿಕದ ಸಂಗೀತದ ಮಹನೀಯರ ಸಾಲಿನಲ್ಲಿ ಈ ಯುವಕರು ತಮ್ಮನ್ನೇ ಕುಳ್ಳಿರಿಸಿಕೊಳ್ಳುತ್ತಿದ್ದಾರೆಂದು ವಿಮರ್ಶಕರು ಆಕ್ಷೇಪಿಸಿದರು. ವಿಮರ್ಶಕರ ಮಾತಿಗಿಂತ ಮುಖ್ಯವಾದುದು ತಂಡದ ಒಳಗಿನ ಅನುಭವ. ನಿತ್ಯವೂ ಅದೇ ಹಾಡು, ಅದೇ ಭಾವಾವೇಶ. ಅದು ಅವರಿಗೇ ವೇಷವೆನಿಸತೊಡಗಿತ್ತು. 1989ರ ಡಿಸೆಂಬರಿನ ಕೊನೆಯಲ್ಲಿ ಡಬ್ಲಿನ್ ವೇದಿಕೆಯಿಂದ ಬೋನೊ, ತಾವು ಇನ್ನು ದೂರ ಹೋಗಿ ಎಲ್ಲವನ್ನೂ ಹೊಸದಾಗಿ ಕನಸಬೇಕಾಗಿದೆ ಎಂಬರ್ಥದ ಮಾತನ್ನು ಹೇಳಿದನು.

1990ರ ಅಕ್ಟೋಬರಿನಲ್ಲಿ, ಎರಡು ಜರ್ಮನಿಗಳು ಒಂದಾದ ದಿನಗಳಲ್ಲಿಯೇ, ತಂಡ ಬರ್ಲಿನ್ ನಗರದ ಹಾನ್ಸಾ ಸ್ಟುಡಿಯೋ ತಲುಪಿತು. ಬರ್ಲಿನ್ ಗೋಡೆಯ ಬಳಿಯಲ್ಲಿದ್ದ ಈ ಸ್ಟುಡಿಯೋದಲ್ಲಿಯೇ 1977ರಲ್ಲಿ ಡೇವಿಡ್ ಬೋವಿ ‘ಹೀರೋಸ್’ ಆಲ್ಬಮನ್ನು ರೂಪಿಸಿದ್ದನು. ಒಂದಾದ ನಗರದಲ್ಲಿ ತಂಡ ಮಾತ್ರ ಎರಡಾಯಿತು. ಬೋನೊ ಮತ್ತು ಎಡ್ಜ್ ಯೂರೋಪಿನ ಯಾಂತ್ರಿಕ ಲಯಗಳ ಕಡೆಗೆ, ನೃತ್ಯಸಂಗೀತದ ಕಡೆಗೆ ಹೊರಳಲು ಬಯಸಿದರು. ಮಲ್ಲನ್ ಮತ್ತು ಕ್ಲೇಟನ್ ಅದಕ್ಕೆ ಒಪ್ಪಲಿಲ್ಲ. ಡ್ರಮ್ ಯಂತ್ರ ಸ್ಟುಡಿಯೋದೊಳಗೆ ಬಂದಾಗ ಡ್ರಮ್ ನುಡಿಸುವವನ ಸ್ಥಾನವೇನೆಂಬ ಪ್ರಶ್ನೆ ಮಲ್ಲನ್‌ಗೆ ಕೇವಲ ಸೌಂದರ್ಯಮೀಮಾಂಸೆಯ ಪ್ರಶ್ನೆಯಾಗಿರಲಿಲ್ಲ. ತಂಡವನ್ನು ಕೂಡಿಸಿದವನೇ ಆ ತಂಡದಲ್ಲಿ ಅನಗತ್ಯನಾಗುತ್ತಿದ್ದಾನೆಯೇ ಎಂಬ ಆತಂಕ ಅದರ ಹಿಂದಿತ್ತು. ತಂಡ ಒಡೆಯುವ ಮಾತೂ ಸುಳಿದಾಡಿತು.

ಆ ಬಿಕ್ಕಟ್ಟನ್ನು ಬಿಡಿಸಿದ್ದು ಯಾವ ಸಿದ್ಧಾಂತವೂ ಅಲ್ಲ, ಒಂದು ಹಾಡು. ಬೇರೊಂದು ಹಾಡಿಗಾಗಿ ಎಡ್ಜ್ ಎರಡು ಸ್ವರಮೇಳದ ಸರಣಿಗಳನ್ನು ಹೊಸೆಯುತ್ತಿದ್ದನು. ನಿರ್ಮಾಪಕ ಡೇನಿಯಲ್ ಲನ್ವಾ ಅವೆರಡನ್ನೂ ಒಂದರ ಹಿಂದೆ ಒಂದನ್ನಿಟ್ಟು ನುಡಿಸಿ ನೋಡಲು ಸೂಚಿಸಿದನು. ನಾಲ್ವರೂ ಒಂದೇ ಕೋಣೆಯಲ್ಲಿ ಸೇರಿ ನುಡಿಸಿದಾಗ ‘ಒನ್’ ಎಂಬ ಹಾಡು ಅಲ್ಪಕಾಲದಲ್ಲಿಯೇ ರೂಪುಗೊಂಡಿತು. ಅಲ್ಲಿಂದ ಕೆಲಸ ಮುಂದುವರಿದು, 1991ರಲ್ಲಿ ಡಬ್ಲಿನ್‌ನಲ್ಲಿ ಪೂರ್ಣಗೊಂಡು, ಆ ವರ್ಷದ ನವೆಂಬರಿನಲ್ಲಿ ‘ಆಖ್ತುಂಗ್ ಬೇಬಿ’ ಎಂಬ ಆಲ್ಬಂ ಹೊರಬಂದಿತು. ಅದರ ಗಿಟಾರ್ ಕರ್ಕಶ, ಕಂಠ ಅನೇಕ ಕಡೆ ವಿಕೃತ. ಹಳೆಯ ಧರ್ಮೋಪದೇಶದ ಧಾಟಿಯ ಬದಲು ವ್ಯಂಗ್ಯ, ಸಂಶಯ, ದಾಂಪತ್ಯದ ಬಿರುಕುಗಳು. ಆದರೂ ಕೇಳಿದವರಿಗೆ ಇದು ಅದೇ ತಂಡವೆಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಹೊಸ ಲಯಗಳ ಒಳಗೆ ಮಲ್ಲನ್‌ನ ಕೈ ಕೇಳಿಸುತ್ತಿತ್ತು. ಬದಲಾವಣೆಯ ವಿರೋಧಿಗಳಾಗಿದ್ದ ಇಬ್ಬರ ಪ್ರತಿರೋಧವೇ ಆ ಆಲ್ಬಮಿಗೆ ತೂಕ ತಂದಿತೆಂದು ಹೇಳಿದರೆ ತಪ್ಪಾಗಲಾರದು.

ಇದನ್ನು ಮಾತ್ರ ನೋಡಿದರೆ ಬದಲಾವಣೆಯ ಪರವಾದ ವಾದ ಗೆದ್ದಂತೆ ತೋರುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1993ರ ‘ಜೂರೋಪಾ’ದ ಬಳಿಕ ತಂಡ ಮತ್ತೊಮ್ಮೆ ಹೊಸತಾಗಲು ಹೊರಟಿತು. ಈ ಬಾರಿ ಟೆಕ್ನೊ ಮತ್ತು ಕ್ಲಬ್ಬುಗಳ ನೃತ್ಯಸಂಗೀತ ಗುರಿಯಾಗಿತ್ತು. ಕೆಲಸದ ಆರಂಭದಲ್ಲಿ ಮಲ್ಲನ್ ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದನು. ಉಳಿದವರು ಮುದ್ರಿತ ಲಯಖಂಡಗಳನ್ನು ಇಟ್ಟುಕೊಂಡು ಹಾಡು ಕಟ್ಟತೊಡಗಿದರು. ಆಲ್ಬಂ ಮುಗಿಯುವ ಮೊದಲೇ ಸಂಚಾರ ಕಛೇರಿಗಳ ದಿನಾಂಕಗಳು ನಿಗದಿಯಾಗಿದ್ದವು. ಹೀಗೆ 1997ರ ಮಾರ್ಚಿನಲ್ಲಿ ‘ಪಾಪ್’ ಅವಸರದಲ್ಲಿ ಹೊರಬಂದಿತು. ಏಪ್ರಿಲಿನಲ್ಲಿ ಲಾಸ್ ವೇಗಸ್‌ನಿಂದ ಸಂಚಾರ ಆರಂಭವಾಯಿತು. ವೇದಿಕೆಯ ಮೇಲೆ ಬೃಹದಾಕಾರದ ನಿಂಬೆಹಣ್ಣೊಂದನ್ನು ನಿಲ್ಲಿಸಲಾಗಿತ್ತು. ತಂಡ ಅದರೊಳಗಿಂದ ಹೊರಬರಬೇಕು. ಓಸ್ಲೋದಲ್ಲಿ ಒಂದು ರಾತ್ರಿ ಆ ನಿಂಬೆಹಣ್ಣು ತೆರೆದುಕೊಳ್ಳದೆ ತಂಡ ಒಳಗೇ ಸಿಕ್ಕಿಹಾಕಿಕೊಂಡಿತು. ತಂಡದವರೇ ‘ಪಾಪ್’ ಆಲ್ಬಮನ್ನು ಅಪೂರ್ಣವೆಂದು ಬಗೆದರೆಂಬುದಕ್ಕೆ, 2002ರ ತಮ್ಮ ಆಯ್ದ ಹಾಡುಗಳ ಸಂಗ್ರಹದಲ್ಲಿ ಅದರ ಕೆಲವು ಹಾಡುಗಳನ್ನು ಹೊಸದಾಗಿ ತಿದ್ದಿ ಸೇರಿಸಿದ್ದೇ ಸಾಕ್ಷಿ.

1991ಕ್ಕೂ 1997ಕ್ಕೂ ಇರುವ ವ್ಯತ್ಯಾಸವೇನು? ಧೈರ್ಯ ಎರಡರಲ್ಲಿಯೂ ಇತ್ತು. ಪ್ರಯೋಗಶೀಲತೆಯೂ ಇತ್ತು, ಎರಡನೆಯದರಲ್ಲಿ ಬಹುಶಃ ಹೆಚ್ಚೇ ಇತ್ತು. ಆದರೆ ಮೊದಲನೆಯ ಸಲ ಹಳೆಯ ನಾದ ತಂಡದ ಬಾಯನ್ನು ಕಟ್ಟಿಹಾಕಿತ್ತು. ತಮ್ಮ ಸಂಶಯಗಳನ್ನು, ಮುರಿದ ಸಂಬಂಧಗಳನ್ನು ಆ ಗಂಭೀರ ನಾದದಲ್ಲಿ ಹೇಳಲು ಸಾಧ್ಯವಿರಲಿಲ್ಲ. ಎರಡನೆಯ ಸಲ ತಂಡ ಹಿಂದಿನ ಗೆಲುವಿನ ಕ್ರಮವನ್ನೇ ಅನುಸರಿಸುತ್ತಿತ್ತು. ಒಮ್ಮೆ ಬದಲಾಗಿ ಗೆದ್ದುದರಿಂದ ಮತ್ತೆ ಬದಲಾಗಬೇಕೆಂಬ ಎಣಿಕೆ ಅಲ್ಲಿ ಕೆಲಸಮಾಡಿತು. ಹೊಸತಾಗುವುದೇ ಒಂದು ರೂಢಿಯಾದಾಗ ಅದು ಹಳೆಯ ರೂಢಿಗಿಂತ ಹೆಚ್ಚು ಅಪಾಯಕಾರಿ. ಏಕೆಂದರೆ ಅದು ರೂಢಿಯೆಂದು ಯಾರಿಗೂ ಅನಿಸುವುದಿಲ್ಲ. ಇಷ್ಟೇ ಅಲ್ಲ, ಮೊದಲನೆಯ ಸಲ ನಾಲ್ಕು ಜೋಡಿ ಕೈಗಳು ಒಂದೇ ಕೋಣೆಯಲ್ಲಿದ್ದವು. ಎರಡನೆಯ ಸಲ ಕೆಲಸ ಆರಂಭವಾದಾಗ ಒಂದು ಜೋಡಿ ಕೈ ಅಲ್ಲಿರಲಿಲ್ಲ. 2000ದಲ್ಲಿ ತಂಡ ‘ಆಲ್ ದಟ್ ಯು ಕಾಂಟ್ ಲೀವ್ ಬಿಹೈಂಡ್’ ಆಲ್ಬಮಿನ ಮೂಲಕ ಗಿಟಾರ್, ಬೇಸ್, ಡ್ರಮ್, ಕಂಠಗಳ ಸರಳ ಜೋಡಣೆಗೆ ಮರಳಿತು. ಆ ಆಲ್ಬಂ ಮತ್ತು ಅದರ ಹಾಡುಗಳು ಎರಡು ವರ್ಷಗಳಲ್ಲಿ ಏಳು ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆದವು. ಅದನ್ನು ಸೋಲಿನ ಹಿಮ್ಮೆಟ್ಟುವಿಕೆಯೆಂದು ಕರೆದವರೂ ಉಂಟು. ತನ್ನ ಶಕ್ತಿಯೆಲ್ಲಿದೆಯೆಂದು ಸುತ್ತುಬಳಸಿ ಕಂಡುಕೊಂಡ ಮೇಲೆ ಅಲ್ಲಿಗೆ ಹಿಂದಿರುಗುವುದು ಹಿಮ್ಮೆಟ್ಟುವುದಲ್ಲ.

ಇನ್ನು ಎದುರು ತುದಿಯ ಉದಾಹರಣೆಯೊಂದನ್ನು ನೋಡಬಹುದು. 1973ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮಾಲ್ಕಂ ಮತ್ತು ಆಂಗಸ್ ಯಂಗ್ ಎಂಬ ಅಣ್ಣತಮ್ಮಂದಿರು ಕಟ್ಟಿದ ‘ಎಸಿ/ಡಿಸಿ’ ತಂಡ ತನ್ನ ನಾದವನ್ನು ಬಹುತೇಕ ಬದಲಿಸಲೇ ಇಲ್ಲ. ತಮ್ಮ ಆಂಗಸ್ ಇಂದಿಗೂ ಶಾಲಾ ಸಮವಸ್ತ್ರ ಧರಿಸಿಯೇ ವೇದಿಕೆಗೆ ಬರುತ್ತಾನೆ. ಅಣ್ಣ ಮಾಲ್ಕಂ ಹಿಂದೆ ನಿಂತು ಲಯದ ಗಿಟಾರ್ ನುಡಿಸುತ್ತಿದ್ದನು. ಇಡೀ ತಂಡ ಅವನ ಬಲಗೈಯ ಮೇಲೆ ನಿಂತಿತ್ತು. ಒಂದೇ ಆಲ್ಬಮನ್ನು ಹತ್ತಾರು ಸಲ ಮಾಡಿದವರೆಂಬ ಹಾಸ್ಯ ಆ ತಂಡದ ಬೆನ್ನಿಗೆ ಅಂಟಿಕೊಂಡೇ ಬಂದಿದೆ. ಆದರೆ 1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ಮರಣಹೊಂದಿದಾಗ ಏನಾಯಿತೆಂಬುದನ್ನು ಗಮನಿಸಬೇಕು. ಸುಮಾರು ಐದು ತಿಂಗಳಲ್ಲಿ, ಬ್ರಯಾನ್ ಜಾನ್ಸನ್ ಎಂಬ ಹೊಸ ಗಾಯಕನೊಂದಿಗೆ, ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರಬಂದಿತು. ಘಂಟಾನಾದದಿಂದ ಆರಂಭವಾಗುವ, ಕಪ್ಪು ಹೊದಿಕೆಯ ಆ ಆಲ್ಬಂ ಅಗಲಿದವನಿಗೆ ಸಲ್ಲಿಸಿದ ಗೌರವ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮುಗಳಲ್ಲಿ ಅದೂ ಒಂದು. ಅಲ್ಲಿ ನಾದ ಬದಲಾಗದೆ ಉಳಿದದ್ದು ಆಲಸ್ಯದಿಂದಲ್ಲ. ಕಂಠವೇ ಹೋದ ಮೇಲೂ ಮನೆ ನಿಂತಿದೆಯೆಂದು ತೋರಿಸುವುದಕ್ಕೆ ಆ ಸ್ಥಿರತೆ ಬೇಕಾಗಿತ್ತು. 2014ರಲ್ಲಿ ಮರೆವಿನ ಕಾಯಿಲೆಯಿಂದ ಮಾಲ್ಕಂ ತಂಡವನ್ನು ಬಿಟ್ಟನು, 2017ರಲ್ಲಿ ತೀರಿಕೊಂಡನು. ಅವನ ಜಾಗದಲ್ಲಿ ಕುಟುಂಬದವನೇ ಆದ ಸ್ಟೀವಿ ಯಂಗ್ ಅದೇ ಲಯವನ್ನು ನುಡಿಸುತ್ತಿದ್ದಾನೆ. 2020ರ ‘ಪವರ್ ಅಪ್’ ಆಲ್ಬಂ ಮಾಲ್ಕಂನಿಗೆ ಅರ್ಪಿತವಾದುದು. ಇಂಥ ತಂಡಕ್ಕೆ ‘ಹೊಸತಾಗಿ’ ಎಂದು ಉಪದೇಶಿಸುವುದೆಂದರೆ, ಶ್ರಾದ್ಧದ ಅಡಿಗೆಯಲ್ಲಿ ಈ ವರ್ಷ ಹೊಸ ರುಚಿ ಬೇಕೆಂದು ಕೇಳಿದಂತೆ.

ಹಾಗಾದರೆ ಸ್ಥಿರತೆಯೇ ಮೇಲೆಂದು ತೀರ್ಮಾನಿಸಬಹುದೇ? ಅದೂ ಸಲ್ಲದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದ ‘ರೇಡಿಯೋಹೆಡ್’ ತಂಡ ಇದಕ್ಕೆ ಅಡ್ಡ ನಿಲ್ಲುತ್ತದೆ. 1997ರ ‘ಓಕೆ ಕಂಪ್ಯೂಟರ್’ ಆಲ್ಬಮಿನಿಂದ ಆ ತಂಡ ಗಿಟಾರ್ ಸಂಗೀತದ ಶಿಖರವನ್ನೇರಿತ್ತು. ಅದೇ ದಾರಿಯಲ್ಲಿ ಇನ್ನೂ ಎರಡು ಆಲ್ಬಂ ಮಾಡಿದ್ದರೆ ಯಾರೂ ಬೇಸರಿಸುತ್ತಿರಲಿಲ್ಲ. ಆದರೆ ಗಾಯಕ ಥಾಮ್ ಯಾರ್ಕ್‌ಗೆ ಆ ಬಗೆಯ ಹಾಡೇ ಹೊರಡದಾಯಿತು. ತನ್ನ ಕಂಠದ ಸೊಗಸೇ ಅವನಿಗೆ ಹಿಂಸೆಯಾಯಿತು. 2000ದ ಅಕ್ಟೋಬರಿನ ‘ಕಿಡ್ ಎ’ ಆಲ್ಬಮಿನಲ್ಲಿ ಗಿಟಾರ್ ಬಹುಮಟ್ಟಿಗೆ ಹಿಂದೆ ಸರಿದು ವಿದ್ಯುನ್ಮಾನ ನಾದಗಳು ಮುಂದೆ ಬಂದವು. ಮೂವರು ಗಿಟಾರ್ ಹಿಡಿಯುವ ತಂಡದಲ್ಲಿ ಗಿಟಾರ್ ಬೇಡವಾದರೆ ಉಳಿದವರು ಮಾಡುವುದೇನು? ಅಲ್ಲಿಯೂ ಅದೇ ಜಗಳ, ಅದೇ ಮೌನ, ತಂಡ ಒಡೆಯುವ ಅದೇ ಭೀತಿ. ಕೊನೆಗೆ ಅವರು ಕಂಡುಕೊಂಡ ಮಾರ್ಗವೆಂದರೆ, ಎಲ್ಲರೂ ಎಲ್ಲ ಹಾಡಿನಲ್ಲಿಯೂ ತಮ್ಮ ವಾದ್ಯವನ್ನೇ ನುಡಿಸಬೇಕಾಗಿಲ್ಲ ಎಂದು ಒಪ್ಪಿಕೊಳ್ಳುವುದು. ಜಾನಿ ಗ್ರೀನ್‌ವುಡ್ ಗಿಟಾರನ್ನು ಬದಿಗಿಟ್ಟು ತಂತಿವಾದ್ಯಗಳ ಮೇಳಕ್ಕೆ ಸ್ವರ ಬರೆದನು; ‘ಓಂಡ್ ಮಾರ್ತನೋ’ ಎಂಬ ಹಳೆಯ ಫ್ರೆಂಚ್ ವಿದ್ಯುನ್ಮಾನ ವಾದ್ಯವನ್ನು ಕೈಗೆತ್ತಿಕೊಂಡನು. ಹಲವು ವಿಮರ್ಶಕರು ಆಗ ಆ ಆಲ್ಬಮನ್ನು ಜರೆದರು; ದಶಕ ಮುಗಿಯುವ ಹೊತ್ತಿಗೆ ಅದೇ ಆಲ್ಬಂ ಆ ದಶಕದ ಶ್ರೇಷ್ಠ ಕೃತಿಗಳ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು. ಬದಲಾವಣೆ ಇಲ್ಲಿ ಅನಿವಾರ್ಯವಾಗಿತ್ತು. ಮಾಡದಿದ್ದರೆ ತಂಡವೇ ಇರುತ್ತಿರಲಿಲ್ಲ.

ಈ ಮೂರು ತಂಡಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬದಲಾಗಬೇಕೇ ಬೇಡವೇ ಎಂಬ ಪ್ರಶ್ನೆಯ ರೂಪವೇ ತಪ್ಪಾಗಿದೆಯೆಂಬುದು ಗೊತ್ತಾಗುತ್ತದೆ. ಕೇಳಬೇಕಾದ ಪ್ರಶ್ನೆಗಳು ಎರಡು. ಹಳೆಯ ನಾದ ಇನ್ನೂ ಮಾತನಾಡುತ್ತಿದೆಯೇ? ಹೊಸ ನಾದದಲ್ಲಿ ಪ್ರತಿಯೊಬ್ಬನಿಗೂ ಕೆಲಸವಿದೆಯೇ?

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಈ ಚರ್ಚೆ ಹೊರನಾಡಿನದೆಂದು ತೋರಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ತೊರೆದ ಸಂಗತಿ ಪಠ್ಯದಲ್ಲಿ ಒಂದು ವಾಕ್ಯವಾಗಿ ಬಂದುಹೋಗುತ್ತದೆ. ಆ ಒಂದು ವಾಕ್ಯದ ಹಿಂದಿನ ಸಾಹಸವನ್ನು ಊಹಿಸುವುದಕ್ಕೆ ಈ ತಂಡಗಳ ಇತಿಹಾಸ ಸಹಾಯಕವಾಗಬಹುದು. ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ನಿಯಮ ಶತಮಾನಗಳಿಂದ ಕನ್ನಡದ ಕಿವಿಯಲ್ಲಿ ಕುಳಿತಿತ್ತು. ಅದಿಲ್ಲದ ಪದ್ಯ ಪದ್ಯವೇ ಅಲ್ಲವೆಂದು ಪಂಡಿತರು ಭಾವಿಸಿದ್ದ ಕಾಲ ಅದು. ಪೈಗಳು ಪ್ರಾಸವನ್ನು ಬಿಟ್ಟರು, ಛಂದಸ್ಸನ್ನು ಬಿಡಲಿಲ್ಲ. ಹಳೆಯ ಕನ್ನಡದ ಶಬ್ದಸಂಪತ್ತನ್ನಂತೂ ಬಿಡಲೇ ಇಲ್ಲ. ಮುಂದೆ ‘ಗೊಲ್ಗೊಥಾ’, ‘ವೈಶಾಖಿ’ಗಳಂತಹ ಖಂಡಕಾವ್ಯಗಳಲ್ಲಿ ಕ್ರಿಸ್ತನ ಮತ್ತು ಬುದ್ಧನ ಕೊನೆಯ ದಿನಗಳನ್ನು ಹೇಳುವಾಗ ಅರ್ಥಕ್ಕಾಗಿ ಪದವನ್ನು ಹುಡುಕುವ ಸ್ವಾತಂತ್ರ್ಯ ಅವರಿಗಿತ್ತು, ಅಕ್ಷರಕ್ಕಾಗಿ ಹುಡುಕಬೇಕಾಗಿರಲಿಲ್ಲ. ಇಲ್ಲಿ ಇನ್ನೂ ಒಂದು ಸಂಗತಿ ಗಮನಾರ್ಹ: ಪ್ರಾಸವನ್ನು ಬಿಟ್ಟು ಗೆದ್ದುದರಿಂದ ಹತ್ತು ವರ್ಷಗಳಿಗೊಮ್ಮೆ ಏನನ್ನಾದರೂ ಬಿಡುತ್ತಲೇ ಇರಬೇಕೆಂದು ಅವರು ಭಾವಿಸಲಿಲ್ಲ. ಬಿಡಬೇಕಾದುದನ್ನು ಬಿಟ್ಟ ಬಳಿಕ ಅವರು ಬರವಣಿಗೆಯಲ್ಲಿ ತೊಡಗಿದರು.

ಗೋಪಾಲಕೃಷ್ಣ ಅಡಿಗರದು ಇನ್ನೂ ದೊಡ್ಡ ಹೊರಳು. 1946ರ ‘ಭಾವತರಂಗ’ದ ಕವಿ 1954ರ ‘ಚಂಡೆಮದ್ದಳೆ’ಯ ಹೊತ್ತಿಗೆ ಬೇರೆಯೇ ದನಿಯಲ್ಲಿ ನುಡಿಯತೊಡಗಿದ್ದರು. ನವೋದಯದ ಇಂಪಿನಲ್ಲಿ ಸ್ವಾತಂತ್ರ್ಯೋತ್ತರ ಭ್ರಮನಿರಸನವನ್ನು ಹೇಳಲಾಗದೆಂಬ ಅರಿವು ಅದರ ಹಿಂದಿತ್ತು. ‘ಆಖ್ತುಂಗ್ ಬೇಬಿ’ಯ ಕರ್ಕಶತೆಗೂ ‘ಚಂಡೆಮದ್ದಳೆ’ಯ ಬಿರುಸಿಗೂ ನೇರ ಸಂಬಂಧವೇನೂ ಇಲ್ಲ, ಆದರೆ ಇಂಪಿನಿಂದ ಹೊರಬರಲೇಬೇಕಾದ ಒತ್ತಡ ಎರಡು ಕಡೆಯೂ ಒಂದೇ ಬಗೆಯದು.

ತಂಡದ ಪ್ರಶ್ನೆಗೆ ಹೆಚ್ಚು ಹತ್ತಿರವಾದುದು ಕಾಸರಗೋಡು ಪ್ರಾಂತದ ತಾಳಮದ್ದಳೆ. ಅಲ್ಲಿ ಪ್ರಸಂಗ ಹಳೆಯದು, ಪದ್ಯ ಹಳೆಯದು, ಚೆಂಡೆ ಮದ್ದಳೆಗಳ ಹಿಮ್ಮೇಳ ಹಳೆಯದು. ಕರ್ಣನು ಸಾಯುವನೆಂಬುದು ಎಲ್ಲರಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳ ಮಾತನ್ನು ಕೇಳಲು ಜನ ರಾತ್ರಿಯಿಡೀ ಕುಳಿತಿದ್ದುದು, ಅದೇ ಪದ್ಯದಿಂದ ಆ ರಾತ್ರಿ ಯಾವ ಅರ್ಥ ಹೊರಡುವುದೆಂಬ ಕುತೂಹಲದಿಂದ. ಚೌಕಟ್ಟು ಬದಲಾಗದಿರುವುದರಿಂದಲೇ ಒಳಗಿನ ಹೊಸತು ಸ್ಪಷ್ಟವಾಗಿ ಕಾಣಿಸುತ್ತದೆ. ಎಸಿ/ಡಿಸಿ ತಂಡದ ಅಭಿಮಾನಿಯ ಸುಖವೂ ಇದೇ ಜಾತಿಯದು. ಹೊರಗಿನವನಿಗೆ ಎಲ್ಲ ಹಾಡೂ ಒಂದೇ. ಒಳಗಿನವನು ಒಂದು ಹೊಡೆತ ತುಸು ತಡವಾಗಿ ಬಿದ್ದುದನ್ನೂ ಗುರುತಿಸಬಲ್ಲನು.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಕಲಾವಿದ ಋಣಿಯಾಗಿರುವುದು ತನ್ನ ಅಂತಃಪ್ರೇರಣೆಗೆ ಮಾತ್ರ, ಕೇಳುಗನಿಗಲ್ಲ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಕೇಳುಗರ ಮತ ಕೇಳಿ ಮಾಡಿದ್ದರೆ ‘ಕಿಡ್ ಎ’ ಹುಟ್ಟುತ್ತಲೇ ಇರಲಿಲ್ಲ. ಆದರೆ ದೀರ್ಘಕಾಲದ ತಂಡದ ಹಾಡುಗಳು ತಂಡದವರ ಬದುಕಿನಲ್ಲಿ ಮಾತ್ರ ಇರುವುದಿಲ್ಲ. ಒಬ್ಬನ ಮದುವೆ, ಇನ್ನೊಬ್ಬನ ವಲಸೆ, ಮತ್ತೊಬ್ಬಳ ತಾಯಿಯ ಸಾವು ಆ ಹಾಡುಗಳಿಗೆ ಅಂಟಿಕೊಂಡಿರುತ್ತವೆ. ಹೊಸ ಹಾಡನ್ನು ಕಟ್ಟುವಾಗ ತಂಡ ಸ್ವತಂತ್ರ. ಹಳೆಯ ಹಾಡನ್ನು ವೇದಿಕೆಯ ಮೇಲೆ ತಾತ್ಸಾರ ಮಾಡುವಾಗ ಅಷ್ಟು ಸ್ವತಂತ್ರವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೀಕ್ಷ್ಣವಾದುದು. ಹಳೆಯ ನಾದಕ್ಕೆ ಅಂಟಿಕೊಳ್ಳುವುದೆಂದರೆ ಹಳೆಯ ನೆನಪುಗಳನ್ನು ಟಿಕೆಟ್ ಹಚ್ಚಿ ಮಾರುವುದೇ ಹೊರತು ಬೇರೆಯಲ್ಲ ಎಂಬುದು ಅದರ ಸಾರ. ಯು2 ತಂಡದ ಇತ್ತೀಚಿನ ಇತಿಹಾಸ ಈ ಆಕ್ಷೇಪಕ್ಕೆ ಬಲ ಕೊಡುವಂತಿದೆ. 2017ರಲ್ಲಿಯೂ 2019ರಲ್ಲಿಯೂ ಅವರು ‘ದಿ ಜೋಶುವಾ ಟ್ರೀ’ಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತ ಲೋಕಸಂಚಾರ ಮಾಡಿದರು. 2019ರ ಡಿಸೆಂಬರ್ 15ರಂದು ಮುಂಬಯಿಯಲ್ಲಿ, ಭಾರತದ ನೆಲದಲ್ಲಿ ಅವರು ನೀಡಿದ ಮೊದಲ ಕಛೇರಿಯೂ ಆ ಸಂಚಾರದ್ದೇ. 2023ರ ಸೆಪ್ಟೆಂಬರಿನಿಂದ 2024ರ ಮಾರ್ಚಿನವರೆಗೆ ಲಾಸ್ ವೇಗಸ್‌ನ ‘ಸ್ಫಿಯರ್’ ಸಭಾಂಗಣದಲ್ಲಿ 40 ಕಛೇರಿಗಳು ನಡೆದವು; ಅಲ್ಲಿ ನುಡಿಸಿದ್ದು ‘ಆಖ್ತುಂಗ್ ಬೇಬಿ’ಯನ್ನು. ಒಂದು ಕಾಲಕ್ಕೆ ಹಳೆಯದನ್ನು ಕಡಿದುಹಾಕಲು ಎತ್ತಿದ ಕೊಡಲಿಯೇ ಈಗ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ಸೇರಿತು. ಶಸ್ತ್ರಚಿಕಿತ್ಸೆಯ ಕಾರಣದಿಂದ ಮಲ್ಲನ್ ಆ ಕಛೇರಿಗಳಲ್ಲಿ ಇರಲಿಲ್ಲ. ಬೇರೊಬ್ಬ ವಾದಕ ಡ್ರಮ್ ನುಡಿಸಿದನು.

ಈ ಆಕ್ಷೇಪಕ್ಕೆ ಪೂರ್ಣ ಉತ್ತರವಿಲ್ಲ. ನೆನಪು ಮಾರಾಟವಾಗುತ್ತದೆಯೆಂಬುದು ನಿಜ. ಆದರೆ ಹೊಸತನವೂ ಅಷ್ಟೇ ಚೆನ್ನಾಗಿ ಮಾರಾಟವಾಗುತ್ತದೆಯೆಂಬುದನ್ನು ಮರೆಯಲಾಗದು. ‘ಪಾಪ್’ ಕಾಲದ ಬೃಹತ್ ನಿಂಬೆಹಣ್ಣು ಮಾರುಕಟ್ಟೆಯನ್ನು ಅಣಕಿಸುತ್ತಲೇ ಮಾರುಕಟ್ಟೆಯ ಸರಕಾಗಿತ್ತು. ಹಣ ಎರಡು ಕಡೆಯೂ ಇರುವುದರಿಂದ, ಹಣದ ಆಧಾರದ ಮೇಲೆ ಹಳೆಯದನ್ನು ಕೀಳೆಂದೂ ಹೊಸದನ್ನು ಮೇಲೆಂದೂ ನಿರ್ಣಯಿಸಲು ಬರುವುದಿಲ್ಲ. ಹಳೆಯ ಹಾಡನ್ನು ನುಡಿಸುವಾಗ ಅದರಲ್ಲಿ ಇಂದಿನ ವಯಸ್ಸು ಕೇಳಿಸುತ್ತಿದೆಯೇ ಎಂಬುದನ್ನು ಮಾತ್ರ ನೋಡಬೇಕು. 2023ರ ‘ಸಾಂಗ್ಸ್ ಆಫ್ ಸರೆಂಡರ್’ ಆಲ್ಬಮಿನಲ್ಲಿ ಅದೇ ತಂಡ ತನ್ನ 40 ಹಳೆಯ ಹಾಡುಗಳನ್ನು ತಗ್ಗಿದ ದನಿಯಲ್ಲಿ, ಕಡಿಮೆ ವಾದ್ಯಗಳೊಂದಿಗೆ ಮತ್ತೆ ಹಾಡಿತು. ಎಲ್ಲವೂ ಗೆದ್ದವೆಂದು ಹೇಳಲಾಗದು. ಕೆಲವು ಹಾಡುಗಳು ತಮ್ಮ ಕಸುವನ್ನೇ ಕಳೆದುಕೊಂಡಿವೆ. ಆದರೂ ಇಪ್ಪತ್ತರ ಹರೆಯದಲ್ಲಿ ಕೂಗಿ ಹೇಳಿದ ಮಾತನ್ನು ಅರವತ್ತರ ಹರೆಯದಲ್ಲಿ ಪಿಸುಗುಟ್ಟಿದರೆ ಅದು ಇನ್ನೂ ನಿಜವೇ ಎಂದು ಪರೀಕ್ಷಿಸಿ ನೋಡುವುದು ಪ್ರಾಮಾಣಿಕ ಪ್ರಯತ್ನ.

ಸಾಹಿತ್ಯ ವಿಮರ್ಶೆಯ ಅಭ್ಯಾಸಕ್ಕೆ ಇದರಿಂದ ಒಂದು ಪ್ರಯೋಜನವಿದೆ. ಕವಿಯೊಬ್ಬನ ಸಂಕಲನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಒಂದಕ್ಕಿಂತ ಇನ್ನೊಂದು ಬೇರೆಯಾಗಿರುವುದನ್ನು ತೋರಿಸಿ, ಅದಕ್ಕೆ ‘ಬೆಳವಣಿಗೆ’ ಎಂದು ಹೆಸರಿಡುವುದು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ರೂಢಿಯಾಗಿದೆ. ಬೇರೆಯಾದುದೆಲ್ಲ ಬೆಳೆದುದಲ್ಲ, ಹಾಗೆಯೇ ಉಳಿದುದೆಲ್ಲ ಕುಂಠಿತವಾದುದೂ ಅಲ್ಲ. ಬದಲಾವಣೆಯನ್ನು ಗುರುತಿಸಿದ ಬಳಿಕ ವಿದ್ಯಾರ್ಥಿಯ ಕೆಲಸ ಆರಂಭವಾಗುತ್ತದೆ: ಹಳೆಯ ಶೈಲಿಯಲ್ಲಿ ಹೇಳಲಾಗದ ಯಾವ ಸಂಗತಿಗಾಗಿ ಕವಿ ಅದನ್ನು ತೊರೆದನು, ತೊರೆಯುವಾಗ ಯಾವುದನ್ನು ಉಳಿಸಿಕೊಂಡನು, ತೊರೆದುದರಿಂದ ಏನು ನಷ್ಟವಾಯಿತು ಎಂಬುದನ್ನು ಪದ್ಯದಿಂದಲೇ ತೋರಿಸಬೇಕು. ಗೋವಿಂದ ಪೈಗಳ ಪ್ರಾಸತ್ಯಾಗದ ಬಗ್ಗೆ ಬರೆಯುವವರು ಪ್ರಾಸವಿದ್ದ ಒಂದು ಪದ್ಯವನ್ನೂ ಇಲ್ಲದ ಒಂದು ಪದ್ಯವನ್ನೂ ಗಟ್ಟಿಯಾಗಿ ಓದಿ, ಕಿವಿಗೆ ತಪ್ಪಿಹೋದದ್ದೇನು, ದಕ್ಕಿದ್ದೇನು ಎಂದು ಬರೆದಿಟ್ಟುಕೊಂಡರೆ ಆ ಉತ್ತರ ಕಂಠಪಾಠದ ಉತ್ತರವಾಗಿ ಉಳಿಯುವುದಿಲ್ಲ.